ಹಕ್ಕಿ ಕಾರ್ಡು, ಹುಲಿ ಕಾರ್ಡು

ಶಿರಸಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಕೂತವರಿಗೆ ಇಂಥದ್ದೊಂದು ಆಗದೇ ವಾರ ಕಳೆಯುವುದಿಲ್ಲ. ಕಳೆದರೆ ಆ ವಾರ ನಾನು ಜ್ವರ ಬಂದು ಮಲಗಿದ್ದೆ ಅಂತ ಅರ್ಥ. ಆಗಲೂ ಮನೆಗೆ ಫೋನು ಬರುತ್ತದೆ.

ನನ್ನದು ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ದೂರದಲ್ಲಿ, ಮೆಟ್ಟಿಲು ಹತ್ತಿ ಬರಬೇಕಾದ ಒಂದು ಕೋಣೆಯ ಅಂಗಡಿ. ಮಾರಾಟ, ರಿಪೇರಿ ಎರಡೂ ನಾನೇ. ಹೆಂಗಸೊಬ್ಬಳು ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದನ್ನು ನೋಡಿ "ಅಂಗಡಿಯವರು ಯಾರೂ ಇಲ್ವಾ?" ಅಂತ ಕೇಳುವವರು ಮೊದಲು ಬಹಳ ಇದ್ದರು. ಆರಂಭದಲ್ಲಿ ಸಿಟ್ಟು ಬರುತ್ತಿತ್ತು. ಆಮೇಲೆ "ಇಲ್ಲ, ಸಂಜೆ ಬನ್ನಿ" ಅನ್ನಲು ಶುರು ಮಾಡಿದೆ. ಸಂಜೆ ಬಂದರೆ ಆಗಲೂ ನಾನೇ ಇರುತ್ತಿದ್ದೆ. ಅವರೂ ಸುಸ್ತಾಗಿರುತ್ತಿದ್ದರು, ನಾನೂ ಸುಸ್ತಾಗಿರುತ್ತಿದ್ದೆ, ಮಾತು ಸಲೀಸಾಗಿ ಮುಗಿಯುತ್ತಿತ್ತು.

ಈಗ ಆ ಪ್ರಶ್ನೆ ನಿಂತಿದೆ. ಅದರ ಜಾಗಕ್ಕೆ ಇನ್ನೊಂದು ಬಂದಿದೆ: "ಈ ಎರಡರಲ್ಲಿ ಯಾವುದು ಒಳ್ಳೇದು?"

ಎರಡು ಅಂದರೆ ಎರಡು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಪರದೆಯ ಮೇಲೆ ಚಿತ್ರ ಓಡಿಸುವುದೊಂದೇ ಕೆಲಸವಾಗಿ ಮಾಡುವ ಹಲಗೆ ಅದು. ಮದುವೆ ವಿಡಿಯೋ ಮಾಡುವವರಿಗೆ, ಮನೆ ನಕ್ಷೆ ಬರೆಯುವವರಿಗೆ, ಗೇಮ್ ಆಡುವವರಿಗೆ ಬೇಕು. ನಾನು ಎರಡು ನಮೂನೆ ತರಿಸುತ್ತೇನೆ. ಒಂದರ ಡಬ್ಬಿಯ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯ ಚಿತ್ರ, ಇನ್ನೊಂದರ ಮೇಲೆ ಬಾಯಿ ತೆರೆದ ಹುಲಿ. ಅವುಗಳ ನಿಜವಾದ ಹೆಸರು ಮೋಟಾರು ಬೈಕಿನ ನಂಬರಿನ ಹಾಗೆ ಉದ್ದ ಇರುವುದರಿಂದ ಇಡೀ ತಾಲ್ಲೂಕಿಗೆ ಅವು ಹಕ್ಕಿ ಕಾರ್ಡು, ಹುಲಿ ಕಾರ್ಡು. ಹಕ್ಕಿಗೆ ಮೆಮೊರಿ ಹನ್ನೆರಡು ಜಿಬಿ, ಸ್ವಭಾವ ಸಾವಕಾಶ, ತಣ್ಣಗಿರುತ್ತದೆ. ಹುಲಿಗೆ ಎಂಟೇ ಜಿಬಿ, ಆದರೆ ಚುರುಕು. ಬಿಸಿಯೂ ಆಗುತ್ತದೆ, ಫ್ಯಾನಿನ ಸದ್ದೂ ಇದೆ.

ಯಾವುದು ಒಳ್ಳೇದು ಅಂದರೆ ನಾನು ಕೇಳುವುದು "ಯಾವ ಕೆಲಸಕ್ಕೆ?" ಅಂತ. ಈ ಮರುಪ್ರಶ್ನೆ ಇಷ್ಟು ವರ್ಷಗಳಲ್ಲಿ ಒಬ್ಬರಿಗೂ ಹಿಡಿಸಿಲ್ಲ. ಡಾಕ್ಟರರ ಹತ್ತಿರ ಹೋದಾಗ ಅವರೇ "ನಿಮಗೆ ಏನಾಗಿರಬಹುದು?" ಅಂತ ಕೇಳಿದರೆ ಮುಖ ಹೇಗೆ ಮಾಡುತ್ತಾರೋ ಹಾಗೆ ಮಾಡುತ್ತಾರೆ.

ಊಟಕ್ಕೆ ಎಷ್ಟು ಜನ?

ಒಂದು ದಿನ ಯಲ್ಲಾಪುರ ಕಡೆಯ ಅಡುಗೆ ಭಟ್ಟರು ಬಂದರು. ಮದುವೆ, ಉಪನಯನಗಳಿಗೆ ಅಡುಗೆ ಮಾಡಿಸುವವರು. ಮಗಳು ಹುಬ್ಬಳ್ಳಿಯಲ್ಲಿ ಕಟ್ಟಡ ವಿನ್ಯಾಸ ಓದುತ್ತಿದ್ದಾಳೆ, ಅವಳ ಕಂಪ್ಯೂಟರಿಗೆ ಕಾರ್ಡು ಬೇಕು. ಮಗಳು ಚೀಟಿಯಲ್ಲಿ ತನ್ನ ಪರದೆಯ ಅಳತೆ, ಮಾಡುವ ಕೆಲಸ, ಎರಡೂ ಕಾರ್ಡುಗಳ ಹೆಸರು ಬರೆದು, ಕೆಳಗೆ "ಅಪ್ಪಾ, ಅಂಗಡಿಯವರ ಹತ್ತಿರ ಕೇಳಿ ಒಂದನ್ನು ತಾ" ಅಂತ ಬರೆದಿದ್ದಳು.

"ತಂಗೀ, ಹನ್ನೆರಡು ಇಪ್ಪದೇ ಕೊಡು. ಎಂಟಕ್ಕಿಂತ ಹನ್ನೆರಡು ದೊಡ್ಡದು. ಇದರಲ್ಲಿ ಕೇಳದು ಎಂತ ಇದ್ದು?"

ಆವತ್ತು ಅದಾಗಲೇ ನಾಲ್ಕು ಜನರಿಗೆ ವಿವರಿಸಿ ಗಂಟಲು ಒಣಗಿತ್ತು. ಕೋರು, ಕ್ಲಾಕು, ಬ್ಯಾಂಡ್‌ವಿಡ್ತು ಅಂತ ಐದನೇ ಸಲ ಹೇಳುವ ತ್ರಾಣ ಇರಲಿಲ್ಲ. ಅವರ ಭಾಷೆಯಲ್ಲೇ ಹೇಳಿದೆ: "ಭಟ್ರೇ, ಮೆಮೊರಿ ಅಂದರೆ ಹಂಡೆ ಇದ್ದ ಹಾಗೆ. ಹಕ್ಕಿಯ ಹಂಡೆ ದೊಡ್ಡದು, ಆದರೆ ಬಡಿಸುವವರು ನಿಧಾನ. ಹುಲಿಯ ಹಂಡೆ ಸಣ್ಣದು, ಬಡಿಸುವವರು ಚುರುಕು."

ಭಟ್ಟರು ನೆಟ್ಟಗೆ ಕೂತರು. ಹೆಗಲ ಮೇಲಿನ ಟವೆಲು ತೆಗೆದು ತೊಡೆಯ ಮೇಲೆ ಹಾಕಿಕೊಂಡರು.

"ಊಟಕ್ಕೆ ಎಷ್ಟು ಜನ?"

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಇಂಜಿನಿಯರುಗಳು, ಉಪನ್ಯಾಸಕರು, ಬ್ಯಾಂಕಿನವರು ಎಲ್ಲ ಬಂದು ಹೋಗಿದ್ದಾರೆ. ಕೇಳಬೇಕಾದ ಪ್ರಶ್ನೆಯನ್ನು ಕೇಳಿದ ಮೊದಲ ಗಿರಾಕಿ ಇವರು.

"ಅವಳ ಪರದೆ ಸಣ್ಣದು. ಒಂದೇ ಪರದೆ. ಮಾಡುವ ನಕ್ಷೆಗಳೂ ಸಣ್ಣ ಮನೆಗಳದ್ದು" ಅಂದೆ.

"ಹಂಗಾರೆ ಇಪ್ಪತ್ತು ಎಲೆ ಊಟಕ್ಕೆ ದೊಡ್ಡ ಹಂಡೆ ಎಂತಕ್ಕೆ? ತೊಳೆಯವರು ಯಾರು? ಚುರುಕಿನ ಕೈ ಕೊಡು ಸಾಕು" ಅಂದು ಹುಲಿಯನ್ನು ಚೀಲಕ್ಕೆ ಹಾಕಿಕೊಂಡು, ಐದೇ ನಿಮಿಷದಲ್ಲಿ ಹೊರಟುಬಿಟ್ಟರು. ಅವರ ಬೆನ್ನು ನೋಡುತ್ತ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನಾಲ್ಕು ದಿನ ಬಿಟ್ಟು ಫೋನು ಮಾಡಿದರು.

"ಕಾರ್ಡು ಹೆಂಗಿದೆ ಭಟ್ರೇ?"

"ಕೆಲಸಕ್ಕೆ ಅಡ್ಡಿಲ್ಲೆ ತಂಗೀ. ಮಗಳು ಖುಷಿಲಿ ಇದ್ದು. ಆದ್ರೆ ಆ ಫ್ಯಾನಿಂದು ಭಾರಿ ಸದ್ದು. ನೀನು ಕೊಟ್ಟ ಬಡಿಸವನ ಕೈ ಚುರುಕು ಹೌದು, ಬಾಯಿ ಮಾತ್ರ ಸುಮ್ನಿರ್ತಿಲ್ಲೆ."

ಉದ್ದ

ಇದು ಸಣ್ಣದು, ಬೇಗ ಹೇಳಿ ಮುಗಿಸುತ್ತೇನೆ. ನೆನೆಸಿಕೊಂಡರೆ ಈಗಲೂ ಬೆನ್ನು ನೋಯುತ್ತದೆ.

ಪ್ರತಿಯೊಬ್ಬರಿಗೂ ಹೇಳಿ ಸಾಕಾಗಿ, ಎರಡು ಕಾರ್ಡುಗಳ ಗುಣ ದೋಷಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಎದುರುಬದುರು ಬರೆದು ಗೋಡೆಗೆ ಅಂಟಿಸಿದೆ. ಮೆಮೊರಿ, ವೇಗ, ಬಿಸಿ, ಸದ್ದು, ಎಷ್ಟು ಕರೆಂಟು ಬೇಕು, ಎಲ್ಲ. ಸಿದ್ದಾಪುರದ ಒಬ್ಬ ಸರಕಾರಿ ನೌಕರರು ಬಂದು ಅದರ ಮುಂದೆ ಎರಡು ತಾಸು ನಿಂತರು. ಪ್ರತಿ ಸಾಲಿಗೂ ಪ್ರಶ್ನೆ. ನಾನು ಪ್ರತಿ ಪ್ರಶ್ನೆಗೂ ಎದ್ದು ನಿಂತು ಉತ್ತರ ಕೊಟ್ಟೆ. ಕೊನೆಗೆ ಹಾಳೆಯ ಫೋಟೋ ತೆಗೆದುಕೊಂಡು, "ಮನೇಲಿ ಕೇಳಿ ಬರ್ತೇನೆ" ಅಂತ ಹೋದರು.

ಹತ್ತು ದಿನದ ಮೇಲೆ ನಗುನಗುತ್ತ ಬಂದರು. ಕೈಯಲ್ಲಿ ಆನ್‌ಲೈನಿನಲ್ಲಿ ತರಿಸಿದ ಹಕ್ಕಿ.

"ಮೇಡಂ, ನೀವು ಹೇಳಿದ್ದನ್ನೇ ತಗೊಂಡೆ! ಸ್ವಲ್ಪ ಇದಕ್ಕೆ ಹಾಕಿ ಕೊಡಿ" ಅಂತ ತಮ್ಮ ಕಂಪ್ಯೂಟರನ್ನು ಮೇಜಿನ ಮೇಲಿಟ್ಟರು.

ಬಿಚ್ಚಿದೆ. ಹಾಕಲು ನೋಡಿದೆ. ಕಾರ್ಡು ಕಂಪ್ಯೂಟರಿನ ಡಬ್ಬಿಗಿಂತ ಎರಡು ಬೆರಳು ಉದ್ದ ಇತ್ತು. ಹೇಗೆ ತಿರುಗಿಸಿದರೂ ಮುಚ್ಚಳ ಮುಚ್ಚುವಂತಿರಲಿಲ್ಲ.

ಅವರು ಗೋಡೆಯ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ಬಹಳ ಬೇಜಾರಿನಲ್ಲಿ ಹೇಳಿದರು: "ಉದ್ದ ಎಷ್ಟು ಅಂತ ನೀವು ಬರೀಬೇಕಿತ್ತು ಮೇಡಂ. ನಿಮ್ಮನ್ನ ನಂಬಿ ಆರ್ಡರ್ ಮಾಡಿದ್ದು."

ಅವತ್ತೇ ಹಾಳೆಯಲ್ಲಿ "ಉದ್ದ" ಅಂತ ಒಂದು ಸಾಲು ಸೇರಿಸಿದೆ. ಮಾರನೇ ದಿನ ಬಂದ ಮೊದಲ ಗಿರಾಕಿ ಅದನ್ನೋದಿ ಕೇಳಿದ: "ಅಗಲ?"

ಫರಕ್

ಬನವಾಸಿ ಕಡೆ ದಾಟಿದರೆ ಮಾತಿನ ಧಾಟಿ ಬೇರೆ. ಆ ಕಡೆಯ ಒಬ್ಬರು ಫ್ಲೆಕ್ಸ್ ಬ್ಯಾನರ್ ಮಾಡುವವರು. ಹುಟ್ಟುಹಬ್ಬ, ಶ್ರದ್ಧಾಂಜಲಿ, ಕಬಡ್ಡಿ ಪಂದ್ಯ, ಯಾವುದೇ ಆಗಲಿ, ಫೋಟೋಗಳನ್ನೆಲ್ಲ ಒಂದೇ ಬ್ಯಾನರಿನಲ್ಲಿ ತುಂಬುವುದರಲ್ಲಿ ಎತ್ತಿದ ಕೈ. ಹುಲಿ ಕಾರ್ಡು ಕೊಂಡರು. "ಜೋಡಿಸಿ ಕೊಡ್ತೇನೆ, ಕಂಪ್ಯೂಟರ್ ತನ್ನಿ" ಅಂದೆ. "ಬ್ಯಾಡ್ರಿ ಮೇಡಂ, ನಾ ಮಾಡ್ಕೊಂತೀನ್ರಿ, ವಿಡಿಯೋದಾಗ ನೋಡೀನಿ" ಅಂದರು.

ಆಮೇಲೆ ತಿಂಗಳಿಗೊಮ್ಮೆ ಶಾಯಿ ಕೊಳ್ಳಲು ಪೇಟೆಗೆ ಬಂದಾಗೆಲ್ಲ ನನ್ನಲ್ಲಿಗೂ ಬರುತ್ತಿದ್ದರು. ಬಂದವರು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಉಪದೇಶ ಮಾಡುತ್ತಿದ್ದರು.

"ಹುಲೀನ ತಗೋರಿ. ಏನ್ ಫರಕ್ ಐತ್ರೀ! ಮೊದ್ಲ ಒಂದ್ ಬ್ಯಾನರ್ ತೆರಿಯೋದ್ರಾಗ ಚಾ ಕುಡುದು ಬರ್ತಿದ್ದೆ. ಈಗ ಚಾ ಕುಡಿಯಾಕ ಟೈಮ್ ಇಲ್ರೀ!"

ಅವರ ಮಾತು ಕೇಳಿ ಮೂರು ಜನ ಹುಲಿ ಕೊಂಡರು. ನಾನೇ ಹೇಳಿದ್ದರೆ ಮೂವರಲ್ಲಿ ಒಬ್ಬರು ಕೊಳ್ಳುತ್ತಿದ್ದರೋ ಇಲ್ಲವೋ. ನನಗೂ ಸಂತೋಷ.

ಎಂಟು ತಿಂಗಳಾದ ಮೇಲೆ ಕಂಪ್ಯೂಟರಿಗೆ ಬೇರೆ ಏನೋ ತೊಂದರೆಯಾಗಿ ಅದನ್ನು ಹೊತ್ತುಕೊಂಡು ಬಂದರು. "ಮನೇಲಿ ಪರದೆಯ ವೈರು ಎಲ್ಲಿ ಹಾಕುತ್ತಿದ್ರೋ ಅಲ್ಲೇ ಹಾಕಿ ತೋರಿಸಿ" ಅಂದೆ. ಅವರು ಹಾಕಿದರು. ನಾನು ನೋಡಿದೆ. ಇನ್ನೊಮ್ಮೆ ನೋಡಿದೆ.

ಕಂಪ್ಯೂಟರಿನ ಹಿಂದೆ ಪರದೆಯ ವೈರು ಚುಚ್ಚಲು ಎರಡು ಜಾಗ ಇರುತ್ತದೆ. ಮೇಲಿನದು ಕಂಪ್ಯೂಟರಿನ ಸ್ವಂತದ್ದು, ಕೆಳಗಿನದು ಕಾರ್ಡಿನದ್ದು. ಕಾರ್ಡು ಹಾಕಿದ ಮೇಲೆ ವೈರನ್ನು ಕೆಳಗೆ ಚುಚ್ಚಬೇಕು. ಇವರು ಮೇಲೆ ಚುಚ್ಚಿದ್ದರು. ಕಾರ್ಡಿನ ತೂತಿಗೆ ಹಾಕಿದ ಪ್ಲಾಸ್ಟಿಕ್ ಮುಚ್ಚಳವನ್ನು ಸಹ ತೆಗೆದಿರಲಿಲ್ಲ.

"ಎಂಟು ತಿಂಗಳಿಂದ ಹೀಗೇ ಇದೆಯಾ?"

"ಹೌದ್ರಿ. ಯಾಕ್ರಿ?"

ಸಾವಕಾಶವಾಗಿ ಹೇಳಿದೆ. ಹುಲಿ ಈ ಎಂಟು ತಿಂಗಳೂ ಬರೀ ಫ್ಯಾನು ತಿರುಗಿಸುತ್ತ ಕೂತಿತ್ತು, ಬ್ಯಾನರುಗಳನ್ನೆಲ್ಲ ಹಳೇ ಕಂಪ್ಯೂಟರೇ ಪರದೆಗೆ ತಂದುಕೊಡುತ್ತಿತ್ತು ಅಂತ. ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಸಣ್ಣ ದನಿಯಲ್ಲಿ ಅಂದರು: "ಮೇಡಂ, ಇದನ್ನ ನಮ್ಮ ದೋಸ್ತಗ ಹೇಳಬ್ಯಾಡ್ರಿ. ನನ್ನ ಮಾತ್ ಕೇಳಿ ಅವನೂ ಹುಲಿ ತಗೊಂಡಾನ. ಭಾಳ ಖುಷಿ ಅದಾನ. ಏನ್ ಸ್ಪೀಡ್ ಆಗೇತೋ ಮಾರಾಯಾ ಅಂತಾನ."

"ಹೇಳಲ್ಲ ಬಿಡಿ. ಅವರದ್ದನ್ನ ಯಾರು ಜೋಡಿಸಿದ್ದು?"

ಅವರು ಗೋಡೆಯ ಹಾಳೆಯ ಕಡೆ ಮುಖ ತಿರುಗಿಸಿದರು.

"ನಾನ ರಿ."

ಪಂದ್ಯ

ಯಲ್ಲಾಪುರದಿಂದ ಇಬ್ಬರು ಉಪನ್ಯಾಸಕರು ಬಂದರು. ಒಬ್ಬರು ಭೌತಶಾಸ್ತ್ರ, ಇನ್ನೊಬ್ಬರು ಕನ್ನಡ. ಇಬ್ಬರಿಗೂ ಗೇಮಿನ ಹುಚ್ಚು. ಭೌತಶಾಸ್ತ್ರದವರು ಹುಲಿ ಪಕ್ಷ, ಕನ್ನಡದವರು ಹಕ್ಕಿ ಪಕ್ಷ. ಸ್ಟಾಫ್ ರೂಮಿನಲ್ಲಿ ಇದೇ ಜಗಳವಾಗಿ, ಮಾತು ಬಿಡುವ ಹಂತಕ್ಕೆ ಹೋಗಿ, ಕೊನೆಗೆ ಶಿರಸಿಯಲ್ಲಿ ತೀರ್ಮಾನ ಆಗಲಿ ಅಂತ ಒಂದೇ ಬೈಕಿನಲ್ಲಿ ಬಂದಿದ್ದರು. ದಾರಿಯುದ್ದಕ್ಕೂ ಮಾತಾಡಿಲ್ಲವಂತೆ.

ಎರಡು ಒಂದೇ ತರದ ಕಂಪ್ಯೂಟರಿಗೆ ಎರಡು ಕಾರ್ಡು ಹಾಕಿ, ಒಂದೇ ಗೇಮು ಓಡಿಸಿ, ಸೆಕೆಂಡಿಗೆ ಎಷ್ಟು ಚಿತ್ರ ತೋರಿಸುತ್ತದೆ ಅಂತ ಅಳೆಯಬೇಕು. ಇಪ್ಪತ್ತು ನಿಮಿಷದ ಪರೀಕ್ಷೆ. ನನಗೆ ಬೇರೆ ಕೆಲಸ ಇತ್ತು. ಆದರೆ ಇಬ್ಬರು ದೊಡ್ಡ ಮನುಷ್ಯರು ಮುಖ ತಿರುಗಿಸಿಕೊಂಡು ಕೂತಿದ್ದನ್ನು ನೋಡಿ ಆಗಲಿ ಅಂದೆ.

ಪರೀಕ್ಷೆ ಮುಕ್ಕಾಲು ಮುಗಿಯಿತು. ಕರೆಂಟು ಹೋಯಿತು. ಬಂತು. ಮತ್ತೆ ಮೊದಲಿನಿಂದ. ಮುಗಿಯಲು ಎರಡು ನಿಮಿಷ ಇರುವಾಗ ಮತ್ತೆ ಹೋಯಿತು. ಮೂರನೇ ಸಲ ಹುಲಿ ಮುಂದಿತ್ತು. ಇನ್ನೇನು ಮುಗಿಯಬೇಕು, ಹೋಯಿತು.

ಭೌತಶಾಸ್ತ್ರದವರಿಗೆ ತಡೆಯಲಾಗಲಿಲ್ಲ. ಗೋಡೆಯ ಮೇಲೆ ಬರೆದಿಟ್ಟಿದ್ದ ಕರೆಂಟು ಆಫೀಸಿನ ನಂಬರಿಗೆ ಫೋನು ಹಚ್ಚಿದರು. ಆ ಕಡೆಯ ದನಿ ಅಂಗಡಿಯಲ್ಲೆಲ್ಲ ಕೇಳುತ್ತಿತ್ತು.

"ಸರ್, ಇನ್ನು ಐದು ನಿಮಿಷ ಕರೆಂಟು ಇದ್ದಿದ್ದರೆ ಸಾಕಿತ್ತು. ಹುಲಿ ಗೆದ್ದೇಬಿಡ್ತಿತ್ತು!"

"ಹುಲಿಯಾ? ಎಲ್ಲಿ?"

"ಇಲ್ಲೇ ಶಿರಸಿ ಪೇಟೆಯಲ್ಲಿ. ಮಾಳಿಗೆ ಮೇಲೆ."

"ಮಾಳಿಗೆ ಮೇಲೆ? ಎಷ್ಟು ಹೊತ್ತಿಂದ?"

"ಬೆಳಗ್ಗೆ ಹತ್ತರಿಂದ ನಾವು ಅದರ ಮುಂದೇ ಕೂತಿದ್ದೇವೆ. ಈ ಕನ್ನಡ ಮೇಷ್ಟ್ರು ಹಕ್ಕಿ ಹಿಡಕೊಂಡು ಕೂತಿದ್ದಾರೆ."

ಆ ಕಡೆಯವರು ಬಹಳ ಮೆತ್ತಗೆ, "ಸರ್, ಅಲುಗಾಡಬೇಡಿ. ಬಾಗಿಲು ಹಾಕ್ಕೊಳ್ಳಿ. ಎಂತದೂ ಆಗಲ್ಲ" ಅಂದು ಇಟ್ಟರು.

ಏನು ಒಳ್ಳೆಯ ಜನ, ಗಿರಾಕಿಗೆ ಇಷ್ಟು ಸಮಾಧಾನ ಹೇಳುತ್ತಾರೆ ಅಂದುಕೊಂಡೆವು. ಅರ್ಧ ಗಂಟೆಯಲ್ಲಿ ಕೆಳಗೆ ಜೀಪು ನಿಂತಿತು. ಅರಣ್ಯ ಇಲಾಖೆಯ ಇಬ್ಬರು ಗಾರ್ಡುಗಳು ಬಲೆ, ಕೋಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಹಣ್ಣಿನ ಅಂಗಡಿಯವರು, ಅವರ ಹಿಂದೆ ಅರ್ಧ ಪೇಟೆ, ಮೊಬೈಲು ಎತ್ತಿಕೊಂಡು.

"ಎಲ್ಲಿ ಹುಲಿ?" ಅಂತ ಗಾರ್ಡು ಪಿಸುಗುಟ್ಟಿದರು.

ನಾನು ಡಬ್ಬಿ ತೋರಿಸಿದೆ. ಭೌತಶಾಸ್ತ್ರದವರು ಎದ್ದು ನಿಂತು ಕೈ ಮುಗಿದು ಆದದ್ದನ್ನೆಲ್ಲ ಹೇಳಿದರು. ನನಗೆ ಬೇರೆಯೇ ಚಿಂತೆ. ಇಲಾಖೆಯವರನ್ನು ಸುಳ್ಳು ಸುದ್ದಿ ಕೊಟ್ಟು ಕರೆಸಿದ್ದು ಅಂತ ಕೇಸು ಹಾಕಿದರೆ? ಅಂಗಡಿಯ ಹೆಸರೇನಾಗಬೇಕು? ಗಾರ್ಡು ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಬಲೆಯನ್ನು ಮೂಲೆಗಿಟ್ಟರು. ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತರು.

"ನಮ್ಮ ಹುಡುಗನೂ ಕೇಳ್ತಾ ಇದ್ದ ಮೇಡಂ" ಅಂದರು. "ಈ ಎರಡರಲ್ಲಿ ಯಾವುದು ಒಳ್ಳೇದು?"

ಪ್ರಸಾದ

ಭೈರುಂಬೆ ಹತ್ತಿರದ ಒಬ್ಬರು ಫೋಟೋ ಸ್ಟುಡಿಯೋದವರು. ಒಳ್ಳೆಯ ಮನುಷ್ಯ, 'ಅಂತ' ಅನ್ನುವಲ್ಲೆಲ್ಲ 'ಹೇಳಿ' ಅನ್ನುವ ನಮ್ಮ ಕಡೆಯ ಮಾತಿನವರು. ಆದರೆ ತೀರ್ಮಾನ ಅನ್ನುವುದು ಅವರ ಕೈಯಲ್ಲಿ ಆಗುವ ಕೆಲಸ ಅಲ್ಲ. ಹಿಂದಿನ ಸಲ ಕಂಪ್ಯೂಟರ್ ಕೊಂಡಾಗ, ಇದು ಕೆಡದೇ ಐದು ವರ್ಷ ಬಂದರೆ ಚಂದಗುಳಿ ಗಣಪತಿಗೆ ಗಂಟೆ ಕಟ್ಟುತ್ತೇನೆ ಅಂತ ಹರಕೆ ಹೊತ್ತಿದ್ದರು. ಬಂತು, ಕಟ್ಟಿದರು. ಹಾಗಾಗಿ ಅವರಿಗೆ ನನ್ನ ವಾರಂಟಿ ಕಾಗದಕ್ಕಿಂತ ದೇವರ ಮೇಲೆ ನಂಬಿಕೆ ಹೆಚ್ಚು.

ಆರು ವಾರ ಬಂದರು. ಒಂದು ವಾರ ಹಕ್ಕಿ, ಮುಂದಿನ ವಾರ ಹುಲಿ. ಒಮ್ಮೆ ಹುಲಿಯನ್ನು ಕೊಂಡು, ಮೆಟ್ಟಿಲು ಇಳಿದು, ಬೀದಿ ದಾಟಿ, ವಾಪಸ್ ಬಂದು ಕೊಟ್ಟು ಹೋದರು. ಏಳನೇ ವಾರ ಬಂದಾಗ ಮುಖ ನಿರಾಳವಾಗಿತ್ತು.

"ತಂಗೀ, ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿ ಬೈಂದಿ."

ನಮ್ಮಲ್ಲಿ ದೇವರ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಇನ್ನೊಂದು ಅಂತ ಕೇಳುವುದಿದೆ. ಮದುವೆ, ಮನೆ, ಬಾವಿಗೆಲ್ಲ ಕೇಳುತ್ತಾರೆ. ಕಾರ್ಡಿಗೆ ಕೇಳಿದ್ದು ಇವರೇ ಮೊದಲಿರಬೇಕು.

"ಬಲಕ್ಕೆ ಬಿದ್ದರೆ ಹಕ್ಕಿ, ಎಡಕ್ಕೆ ಬಿದ್ದರೆ ಹುಲಿ ಹೇಳಿ ಮನಸ್ಸಲ್ಲಿ ಇಟ್ಕಂಡಿದ್ದಿ. ಪಟ್ಟ ಹೇಳಿ ಬಲಕ್ಕೆ ಬಿತ್ತು."

ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಏಳು ವಾರದ ಕೆಲಸವನ್ನು ಅರ್ಧ ಗಳಿಗೆಯಲ್ಲಿ ಮುಗಿಸಿಕೊಟ್ಟಿದ್ದ. ಹಕ್ಕಿಯ ಡಬ್ಬಿ ತೆಗೆದು ಬಿಲ್ಲು ಬರೆಯಲು ಕೂತೆ.

"ತಡಿ ತಂಗೀ, ಬರೆಯಡ" ಅಂದರು. ಮುಖದ ನಿರಾಳ ಕರಗಿತ್ತು. "ಅರ್ಚಕರು ಎಂತಕ್ಕೆ ಕೇಳಿದ್ದು ಹೇಳಿ ಕೇಳಿದ. ಹಿಂಗಿಂಗೆ ಹೇಳಿದಿ. ಅದಕ್ಕೆ ಅವು ಎಂತ ಹೇಳಿದ ಗೊತ್ತಿದ್ದಾ?"

"ಎಂತ?"

"'ದೇವರು ಹೇಳಿದ್ದು ದೇವರ ಅಭಿಪ್ರಾಯ. ಆನು ಹುಲಿ ಹಾಕಿ ಎರಡು ವರ್ಷಾತು, ಎಂತ ತೊಂದ್ರೆ ಇಲ್ಲೆ' ಹೇಳಿದ."

ಇಡದೇ ಇಟ್ಟ ಫೋನು

ಇದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಯಾಕೆಂದರೆ ಇದರಲ್ಲಿ ತಪ್ಪು ನನ್ನದೂ ಇದೆ.

ಸಿದ್ದಾಪುರದ ಒಬ್ಬ ಹುಡುಗಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ಆ ಕಡೆಯ ಅರ್ಧ ಮದುವೆಗಳ ವಿಡಿಯೋ ಅವಳ ಕೈಯಿಂದಲೇ ಹೊರಡುವುದು. ಇನ್ನೊಬ್ಬರ ಮದುವೆಯನ್ನು ವರ್ಷಕ್ಕೆ ಐವತ್ತು ಸಲ ನೋಡುವುದರಿಂದಲೋ ಏನೋ, ತನ್ನ ಮದುವೆಯ ಮಾತು ಎತ್ತಿದರೆ ಕಿವಿಗೆ ಹೆಡ್‌ಫೋನು ಹಾಕಿಕೊಳ್ಳುತ್ತಿದ್ದಳು. ಅವಳ ಅಪ್ಪ ಬಸ್ಸಿನಲ್ಲಿ ಹೋದರೂ ಚೀಲದಲ್ಲಿ ಎರಡು ಜಾತಕ ಇಟ್ಟುಕೊಂಡು ಓಡಾಡುತ್ತಿದ್ದರು. ಒಬ್ಬ ವರ ಹುಬ್ಬಳ್ಳಿಯ ಬ್ಯಾಂಕಿನಲ್ಲಿ, ಇನ್ನೊಬ್ಬ ಯಲ್ಲಾಪುರದಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು. ಎರಡೂ ಕಡೆಯವರು ಉತ್ತರಕ್ಕೆ ಕಾಯುತ್ತಿದ್ದರು. ಮಗಳು ಯಾವುದಕ್ಕೂ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಲೂ ಇರಲಿಲ್ಲ.

ಆವತ್ತು ಅಪ್ಪ ಮಗಳು ಕಾರ್ಡು ಕೊಳ್ಳಲು ಬಂದಿದ್ದರು. ಆಗ ಅಪ್ಪನಿಗೆ ಫೋನು ಬಂತು. ಯಲ್ಲಾಪುರದ ವರನ ಅಪ್ಪ.

"ಹೌದು, ಹೌದು... ಕೂಸು ಇಲ್ಲೇ ಇದ್ದು. ಒಂದು ನಿಮಿಷ ತಡೀರಿ, ಕೇಳಿ ಹೇಳ್ತೆ" ಅಂದವರು ಫೋನನ್ನು ನನ್ನ ಮೇಜಿನ ಮೇಲೆ ಇಟ್ಟರು. ಇಡುವುದಕ್ಕೂ ಮಗಳು ಹುಲಿಯ ಡಬ್ಬಿ ಎತ್ತಿ "ಅಕ್ಕಾ, ಇದು ಹೆಂಗಿದ್ದು? ಮುಚ್ಚುಮರೆ ಇಲ್ಲದೆ ಹೇಳಿ" ಅನ್ನುವುದಕ್ಕೂ ಸರಿಹೋಯಿತು. ಅಪ್ಪ ಅದನ್ನು ಕೇಳುತ್ತ ಫೋನನ್ನು ಮರೆತರು. ಅದು ಕಟ್ ಆಗಿಲ್ಲ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ನಾನು ಮುಚ್ಚುಮರೆ ಇಲ್ಲದೆ ಹೇಳಿದೆ.

"ನೋಡು ತಂಗಿ, ಇದು ಹಳೇ ಮಾಡೆಲ್ಲು. ಹೊಸದು ಬಂದ ಮೇಲೆ ಇದನ್ನ ಕೇಳೋರು ಕಮ್ಮಿ ಆಗಿದ್ದಾರೆ. ಬೇಗ ಬಿಸಿ ಆಗುತ್ತೆ. ಬಿಸಿ ಆದ ಕೂಡಲೇ ಗಲಾಟೆ ಶುರು. ತಿನ್ನೋದು ಜಾಸ್ತಿ. ಮೆಮೊರಿ ಕಮ್ಮಿ. ಕೆಲಸದಲ್ಲಿ ಮಾತ್ರ ಚುರುಕು, ಅದರಲ್ಲಿ ಎರಡು ಮಾತಿಲ್ಲ."

"ನೋಡಲೆ ಅಡ್ಡಿಲ್ಲೆ" ಅಂದರು ಅಪ್ಪ, ಡಬ್ಬಿ ನೋಡುತ್ತ. "ಇನ್ನೊಂದು?"

"ಇನ್ನೊಂದು ತಣ್ಣಗಿನ ಸ್ವಭಾವದ್ದು. ಸದ್ದಿಲ್ಲ. ಆದರೆ ಸಾವಕಾಶ. ನೀವು ಹತ್ತು ಸಲ ಹೇಳಿದ ಮೇಲೆ ಒಂದು ಸಲ ಅಲುಗಾಡುತ್ತೆ."

ಹುಡುಗಿ ಯೋಚನೆ ಮಾಡಿದಳು. "ಅಕ್ಕಾ, ಹಿಂಗೆ ಮಾಡಲೆ ಆಗ್ತಾ? ಎರಡನ್ನೂ ಮನೆಗೆ ತಗಂಡು ಹೋಗಿ ಒಂದೊಂದು ವಾರ ಇಟ್ಕಂಡು ನೋಡ್ತೆ. ಯಾವುದು ಹೊಂದ್ತೋ ಅದು ಇರ್ಲಿ, ಇನ್ನೊಂದು ವಾಪಸ್ ಕೊಡ್ತೆ."

"ಅಡ್ಡಿಲ್ಲೆ" ಅಂದರು ಅಪ್ಪ. "ನಂಗೂ ಅದೇ ಸರಿ ಕಾಣ್ತು."

ಮೇಜಿನ ಮೇಲಿಂದ ಯಾರೋ ಕೆಮ್ಮಿದರು.

ಮೂವರೂ ಫೋನಿನ ಕಡೆ ನೋಡಿದೆವು. ಅಪ್ಪ ಗಡಿಬಿಡಿಯಲ್ಲಿ ಎತ್ತಿಕೊಂಡು ಎಲ್ಲಿ ಒತ್ತಿದರೋ, ಸ್ಪೀಕರ್ ಆನ್ ಆಗಿ ಹೆಂಗಸಿನ ದನಿ ಅಂಗಡಿಯ ತುಂಬ ಕೇಳಿಸಿತು. ವರನ ತಾಯಿ. ಅವರ ಮಾತಿನಲ್ಲಿ 'ಯಮ್ಮ ಮಾಣಿ' ಅಂದರೆ ನಮ್ಮ ಹುಡುಗ.

"ಯಮ್ಮ ಮಾಣಿ ತಿನ್ನದು ಜಾಸ್ತಿ ಹೇಳಿ ನಿಂಗಕ್ಕೆ ಯಾರು ಹೇಳಿದ್ದು? ಬೇಗ ಬಿಸಿ ಆಗ್ತ ಹೌದು, ಅದು ಅವನ ಅಪ್ಪನಿಂದ ಬಂದಿದ್ದು. ಆದ್ರೆ ಗಲಾಟೆ ಮಾಡವ ಅಲ್ಲ! ಮತ್ತೆ ಒಂದು ವಾರ ಇಟ್ಕಂಡು ನೋಡಿ ವಾಪಸ್ ಕೊಡದು ಹೇಳಿದ್ರೆ ಎಂತದು? ಎಲ್ಲಿ ಇದ್ದು ಇಂಥ ಪದ್ಧತಿ?"

ಅಪ್ಪನ ಮೂರು ವರ್ಷದ ಓಡಾಟ ನನ್ನ ಮೇಜಿನ ಮೇಲೆ ಮುಳುಗುತ್ತಿತ್ತು. ನಾನು "ಅಮ್ಮಾ, ಅದು ಹುಲಿಯ ವಿಷಯ" ಅಂದೆ. ಅದರಿಂದ ಏನೂ ಸುಧಾರಿಸಲಿಲ್ಲ. "ಹುಲಿಯಾ? ಯಮ್ಮ ಮಾಣಿನಾ?" ಅಂತ ಆ ಕಡೆ ದನಿ ಇನ್ನೂ ಏರಿತು.

ಆಗ ಹಿಂದಿನಿಂದ ಗಂಡಸಿನ ದನಿ ಬಂತು. ನಗು ತಡೆದುಕೊಂಡು ಮಾತಾಡುತ್ತಿದ್ದ ಹಾಗಿತ್ತು.

"ಆಯಿ, ಇಲ್ಲಿ ಕೊಡು. ಅದು ಯನ್ನ ವಿಷಯ ಅಲ್ಲ, ಗ್ರಾಫಿಕ್ಸ್ ಕಾರ್ಡಿಂದು." ಆಮೇಲೆ ನಮ್ಮ ಕಡೆಗೆ, "ಹಲೋ, ಅಲ್ಲಿ ಇಪ್ಪವು ಒಂದು ಮಾತು ಕೇಳಿ. ಹುಲಿ ಹಾಕದಾದ್ರೆ ಪವರ್ ಸಪ್ಲೈ ಎಷ್ಟು ವ್ಯಾಟಿಂದು ಇದ್ದು?"

ನಾನು ಮೊದಲೇ ಕೇಳಬೇಕಿದ್ದು, ಮರೆತ ಪ್ರಶ್ನೆ ಅದು. ಹುಲಿಗೆ ಕರೆಂಟು ಜಾಸ್ತಿ ಬೇಕು, ಹಳೇ ಪವರ್ ಸಪ್ಲೈ ತಡೆಯುವುದಿಲ್ಲ. ಹುಡುಗಿ ಅಪ್ಪನ ಕೈಯಿಂದ ಫೋನು ತೆಗೆದುಕೊಂಡಳು. ಸ್ಪೀಕರ್ ಆಫ್ ಮಾಡಿದಳು.

"ನಾನೂರೈವತ್ತು" ಅಂದಳು.

ಆ ಕಡೆಯಿಂದ ಏನೋ ಹೇಳಿದರು.

"ಸಾಲದಿಲ್ಯಾ?... ನಿಂಗಳ ಹತ್ರ ಯಾವುದಿದ್ದು?... ಹೌದಾ! ಎಷ್ಟು ಡಿಗ್ರಿ ಹೋಗ್ತು?"

ಕಿಟಕಿ ಹತ್ತಿರ ಹೋಗಿ ನಿಂತು ಇಪ್ಪತ್ತೈದು ನಿಮಿಷ ಮಾತಾಡಿದಳು. ಬಿಸಿಯ ಬಗ್ಗೆ, ಸದ್ದಿನ ಬಗ್ಗೆ, ಮದುವೆ ಮನೆಯಲ್ಲಿ ಡೊಳ್ಳಿನವರು ಬಂದಾಗ ಮೈಕು ಎಲ್ಲಿಡಬೇಕು ಅನ್ನುವುದರ ಬಗ್ಗೆ. ಅಪ್ಪ ಸ್ಟೂಲಿನ ತುದಿಯಲ್ಲಿ ಉಸಿರು ಹಿಡಿದು ಕೂತಿದ್ದರು. ನಾಲ್ಕು ಗಿರಾಕಿಗಳು ಬಂದರು. ನಾಲ್ಕು ಜನರಿಗೂ ತುಟಿ ಮೇಲೆ ಬೆರಳಿಟ್ಟು ಕೂರಿಸಿದೆ. ಅವರಲ್ಲಿ ಒಬ್ಬರು "ಎಂತ, ಪರೀಕ್ಷೆ ನಡೀತಾ ಇದ್ಯಾ?" ಅಂತ ಕಿವಿಯಲ್ಲಿ ಕೇಳಿದರು. "ಹೌದು" ಅಂದೆ.

ಎರಡು ತಿಂಗಳಿಗೆ ಯಲ್ಲಾಪುರದಲ್ಲಿ ಮದುವೆ. ಕರೆದಿದ್ದರು, ಹೋದೆ. ವರನ ತಾಯಿ ನನ್ನನ್ನು ದೂರದಿಂದಲೇ ನೋಡಿ, ಊಟದ ಪಂಕ್ತಿ ದಾಟಿಕೊಂಡು ನೇರ ನನ್ನ ಹತ್ತಿರ ಬಂದರು. ನಾನು ಎದ್ದು ನಿಂತೆ. ಕೈ ಹಿಡಿದುಕೊಂಡರು. ಕೂರಿಸಿದರು. ಎಲೆಗೆ ತಾವೇ ನಿಂತು ಇನ್ನೊಂದು ಹೋಳಿಗೆ ಹಾಕಿಸಿದರು.

"ಸೊಸೆ ಚಿನ್ನದಂಥದ್ದು. ನಿಂಗಳಿಂದಲೇ ಆಗಿದ್ದು ಇದು, ಯಂಗಕ್ಕೆ ಗೊತ್ತಿದ್ದು" ಅಂದರು. ಹಾಗೆಯೇ ಸ್ವಲ್ಪ ಬಗ್ಗಿ ದನಿ ತಗ್ಗಿಸಿದರು.

"ತಿನ್ನದು ಜಾಸ್ತಿ ಹೇಳಿದ್ರಿ, ಅಡ್ಡಿಲ್ಲೆ. ಬಿಸಿ ಹೇಳಿದ್ರಿ, ಅದೂ ಹೌದು. ಆದ್ರೆ ಆ 'ಹಳೇ ಮಾಡೆಲ್ಲು' ಹೇಳಿದ್ರಲ್ಲ, ಅದೊಂದು ಯಂಗೆ ಇನ್ನೂ ಹೊಟ್ಟೇಲಿ ಇದ್ದು ನೋಡಿ. ಅವಂಗೆ ಬರೀ ಮೂವತ್ತಾರು."